ಹೊಳೆದಂಡೆಯ ಪರದೆ ಬರೆದವರು

ಅವರ ಅಂಗಿಯ ಎಡತೋಳಿನ ಮೇಲೆ ಹೆಸರಿಲ್ಲದ ಒಂದು ಬಣ್ಣವಿತ್ತು. ಕುಂಚವನ್ನು ನೀರಿನಿಂದ ತೆಗೆದಾಗಲೆಲ್ಲ ಅಲ್ಲೇ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒರೆಸಿಕೊಳ್ಳುವುದು ಅವರ ಅಭ್ಯಾಸ. ಹಳದಿ, ನೀಲಿ, ಕಾವಿ, ಕಪ್ಪು ಎಲ್ಲವೂ ಒಂದರ ಮೇಲೊಂದು ಕೂತು, ಒಗೆತದಲ್ಲಿ ಅರ್ಧ ಹೋಗಿ, ಕೊನೆಗೆ ಬಿತ್ತನೆಗೆ ಮುಂಚಿನ ಹೊಲದಂಥ ಬಣ್ಣವೊಂದು ಉಳಿಯುತ್ತಿತ್ತು. ಯಾವ ಹೊಸ ಅಂಗಿ ಹೊಲಿಸಿದರೂ ಇದೇ ಗತಿ ಎಂದು ಅವರ ಹೆಂಡತಿ ಗೊಣಗುತ್ತಿದ್ದರು. ಅವರು ತೋಳನ್ನು ಬೆಳಕಿಗೆ ಹಿಡಿದು ನೋಡಿ, "ಇಂಥಾ ಬಣ್ಣ ಕಲಸಾಕೆ ಅಂತ ಕೂತ್ರೆ ಬರಲ್ಲ ಕಣೇ" ಎನ್ನುತ್ತಿದ್ದರು.

ಹೊನ್ನಾಳಿಯ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು. ಹುಟ್ಟೂರು ಜಗಳೂರು ಕಡೆ. ಅವರು ಆ ಶಾಲೆಗೆ ಬರುವ ಹೊತ್ತಿಗೆ ನನ್ನ ಓದು ಮುಗಿದಿತ್ತು, ಹಾಗಾಗಿ ನನಗೆ ಅವರು ಕ್ಲಾಸಿನಲ್ಲಿ ಪಾಠ ಹೇಳಿದವರಲ್ಲ. ಆದರೂ ನೋಡುವುದನ್ನು ನನಗೆ ಕಲಿಸಿದವರು ಯಾರು ಎಂದು ಕೇಳಿದರೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ನಮ್ಮ ಅಪ್ಪನದು ಫೋಟೋ ಸ್ಟುಡಿಯೋ. ಬಸ್ ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಮುಂದೊಂದು ಚಿಕ್ಕ ಕೋಣೆ, ಹಿಂದೆ ಫೋಟೋ ತೆಗೆಯುವ ಉದ್ದನೆಯ ಕೋಣೆ, ಮೂಲೆಯಲ್ಲಿ ಡಾರ್ಕ್‌ರೂಮು. ಎಪ್ಪತ್ತರ ದಶಕದ ಆರಂಭದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಮಡಿಚಿ ಎದೆಗಂಟಿಕೊಂಡಿತು. ಬಲಗೆನ್ನೆ, ಬಲಗಡೆಯ ತುಟಿ ಕೆಳಕ್ಕೆ ಜಾರಿದವು. ಮಾತು ನಿಧಾನವಾಗಿ ಮರಳಿತು, ಕೈ ಮರಳಲಿಲ್ಲ. ನೆಗೆಟಿವ್ ತೊಳೆಯುವುದು, ಪ್ರಿಂಟ್ ಹಾಕುವುದು ನನಗೆ ಆಗಲೇ ಬರುತ್ತಿತ್ತು. ಇಪ್ಪತ್ತೊಂದನೆಯ ವಯಸ್ಸಿಗೆ ಕ್ಯಾಮರಾದ ಹಿಂದೆ ಕರಿಬಟ್ಟೆ ಹೊದ್ದು ನಿಂತೆ. ಹೆಣ್ಣುಹುಡುಗಿ ಫೋಟೋ ತೆಗೆಯುತ್ತಾಳೆಂದು ಕೆಲವರು ಬಾಗಿಲಿನಿಂದಲೇ ತಿರುಗಿ ಹೋದರು. ಅದೇ ಕಾರಣಕ್ಕೆ ಹೆಂಗಸರು ಬರತೊಡಗಿದರು. ಅಪ್ಪ ಮುಂದಿನ ಕೋಣೆಯ ಬೆಂಚಿನ ಮೇಲೆ, ಮುಖದ ಬಲಭಾಗ ಗೋಡೆಯ ಕಡೆಗೆ ಬರುವಂತೆ ಕೂತು, ಯಾವ ದೀಪ ಎಲ್ಲಿಡಬೇಕೆಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ.

ಫೋಟೋಗೆ ಕೂತವರ ಬೆನ್ನ ಹಿಂದೆ ಬರುವ ನಮ್ಮ ಹಳೆಯ ಪರದೆಯಲ್ಲಿ ಅರಮನೆಯ ಮೆಟ್ಟಿಲು, ಕೊಳದಲ್ಲಿ ಎರಡು ಹಂಸ, ಗುಲಾಬಿ ಗಿಡ, ಮೇಲೆ ಹುಣ್ಣಿಮೆ ಚಂದ್ರ ಇದ್ದವು. ದಾವಣಗೆರೆಯಿಂದ ಅಪ್ಪ ಆಸೆಪಟ್ಟು ತಂದದ್ದು. ಒಂದು ಮಳೆಗಾಲ ತುಂಗಭದ್ರೆ ಏರಿ ತಗ್ಗಿನ ಓಣಿಗಳಿಗೆ ನುಗ್ಗಿದಾಗ ನಮ್ಮ ಹಿಂದಿನ ಕೋಣೆಯಲ್ಲೂ ಮೊಣಕಾಲುದ್ದ ನೀರು ನಿಂತಿತು. ಕ್ಯಾಮರಾ ಉಳಿಸಿಕೊಂಡೆವು. ಪರದೆ ಉಳಿಯಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಹಂಸಗಳು ಕರಗಿ ಮೆಟ್ಟಿಲುಗಳ ಮೇಲೆ ಹರಿದಿದ್ದವು.

"ಆ ಡ್ರಾಯಿಂಗ್ ಮೇಷ್ಟ್ರನ್ನ ಕರ್ಕೊಂಡು ಬಾ. ಇದೇ ಥರದ್ದು ಇನ್ನೊಂದು ಬರಕೊಡ್ಲಿ," ಎಂದ ಅಪ್ಪ.

ಮೇಷ್ಟ್ರು ಬಂದರು. ಹಾಳಾದ ಪರದೆಯ ಮುಂದೆ ಒಂದು ಕಣ್ಣು ಸಣ್ಣದು ಮಾಡಿಕೊಂಡು ನಿಂತು ನನ್ನನ್ನು ಕೇಳಿದರು, "ಈ ಅರಮನೆ ಮೆಟ್ಟಿಲ ಮೇಲೆ ಯಾರು ತಾಯಿ ಕೂರೋದು?"

"ನ್ಯಾಮತಿಯಿಂದ ಬಂದೋರು, ಸವಳಂಗದಿಂದ ಬಂದೋರು. ನಮ್ಮೂರೋರು."

"ಕೂತ್ರೆ ಹೆಂಗೆ ಕಾಣ್ತಾರೆ?"

ಆ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದೆ, "ಯಾರದೋ ಮನೆ ಕಾಯಾಕೆ ಬಂದಂಗೆ ಕಾಣ್ತಾರೆ ಮೇಷ್ಟ್ರೇ."

ಅವರು ನಕ್ಕರು. ಮರುದಿನದಿಂದ ಅವರ ಸೈಕಲ್ಲು ಬೆಳಗ್ಗೆ ಬೆಳಗ್ಗೆ ಹೊಳೆಯ ಕಡೆ ಹೋಗುವುದನ್ನು ಕಂಡೆ.

ದಸರಾ ರಜೆಯಲ್ಲಿ ಕೆಲಸ ಹಿಡಿದರು. ದಪ್ಪ ಹತ್ತಿಬಟ್ಟೆಯನ್ನು ಅಗಲಕ್ಕೆ ಹೊಲಿಸಿ, ಬಡಗಿಗಳ ಅಂಟಿನಲ್ಲಿ ಸುಣ್ಣದ ಪುಡಿ ಕಲಸಿ ಬಳಿದು, ಗೋಡೆಗೆ ಬಿಗಿದರು. ತಗಡಿನ ಡಬ್ಬಿಗಳಲ್ಲಿ ಬಣ್ಣದ ಪುಡಿಗಳು ಬಂದವು. ಡಬ್ಬಿಯಲ್ಲಿದ್ದ ಬಣ್ಣ ಹಾಗೇ ಬಟ್ಟೆಗೆ ಹೋದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹಸಿರಿಗೆ ಒಂದು ಚಿಟಿಕೆ ಕಾವಿ, ನೀಲಿಗೆ ಒಂದು ಹನಿ ಕಿತ್ತಳೆ, ಹಳದಿಗೆ ಇಷ್ಟೇ ಇಷ್ಟು ನೇರಳೆ. ಒಳ್ಳೆಯ ಬಣ್ಣವನ್ನು ಯಾಕೆ ಕೆಡಿಸುತ್ತೀರೆಂದು ಕೇಳಿಯೇಬಿಟ್ಟೆ.

"ಈ ಹಸಿರು ಹಿಂಗೇ ಬಿಟ್ರೆ ಕಣ್ಣಿಗೆ ಹೊಡೀತೈತೆ," ಎಂದರು. "ಅದರ ಎದುರಾಳಿ ಬಣ್ಣ ಒಂಚೂರು ಬಿದ್ರೆ ಸುಮ್ಮನಾಗ್ತೈತೆ. ಹಂಗಂತ ಬರೀ ಬೂದಿ ಬಳಿದ್ರೆ ಹೆಣದ ಮುಖ ಆಗ್ತೈತೆ. ಬಣ್ಣ ಒಳಗೆ ಬದುಕಿರಬೇಕು, ದನಿ ಮಾತ್ರ ಎತ್ತಬಾರದು."

"ನಮ್ಮದು ಕಪ್ಪು ಬಿಳುಪು ಫೋಟೋ. ಬಣ್ಣ ಯಾವುದಾದ್ರೇನು?"

"ಫೋಟೋದಾಗೆ ಕಾಣಲ್ಲ, ಖರೆ. ಕೂತೋರಿಗೆ ಕಾಣ್ತೈತಲ್ಲ. ಕೋಣೆ ಒಳಗೆ ಬಂದ ತಕ್ಷಣ ಅವರ ಉಸಿರು ತಣ್ಣಗಾದ್ರೆ ಅದು ಮುಖಕ್ಕೆ ಬರ್ತೈತೆ."

ಚಿತ್ರ ಮೂಡುತ್ತ ಹೋಯಿತು. ಚಳಿಗಾಲದ ಬೆಳಗಿನ ಹೊಳೆದಂಡೆ. ಎಡಕ್ಕೆ ಒಂದು ಹೊಂಗೆಮರ, ಅದೊಂದೇ ಗಾಢ. ಬಲಕ್ಕೆ ನೀರಿನ ಕಡೆ ಇಳಿಯುತ್ತ ಮಂಜಿನಲ್ಲಿ ಕರಗುವ ಕಾಲುದಾರಿ. ಆಚೆ ದಡ ಒಂದು ತೆಳುವಾದ ಗೆರೆ. ನಡುವೆ ಬರೀ ಬೆಳಕು. ಆಚೆ ದಡದ ಗೆರೆ ಎಳೆಯುವ ಮುಂಚೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿದ್ದರು. ಗೆರೆ ಕತ್ತಿನ ಹಿಂದೆ ಬಂದರೆ ಕತ್ತು ಕೊಯ್ದ ಹಾಗೆ ಕಾಣುತ್ತದೆ, ತಲೆಯ ಮೇಲೆ ಬಂದರೆ ಮನುಷ್ಯ ಗುಂಡಿಯಲ್ಲಿ ಕೂತ ಹಾಗೆ ಕಾಣುತ್ತಾನೆ. ಎದೆಯ ಮಟ್ಟಕ್ಕಿದ್ದರೆ ಆಕಾಶ ಅವನ ಬೆನ್ನಿಗೆ ನಿಲ್ಲುತ್ತದೆ ಎಂದು ವಿವರಿಸಿದರು.

ಅಪ್ಪ ಒಳಗೆ ಬಂದು ನೋಡಿದ. "ನಡುವೆ ಏನೂ ಇಲ್ವಲ್ಲ ಮೇಷ್ಟ್ರೇ."

"ಅದು ನಿಮ್ಮ ಗಿರಾಕಿಗಳ ಜಾಗ ರೀ. ಅಲ್ಲಿ ನಾನೇ ಏನಾದ್ರೂ ತುಂಬಿಬಿಟ್ರೆ ಅವರು ಎಲ್ಲಿಗೆ ಹೋಗಬೇಕು?"

ಅಪ್ಪ ತಲೆ ಕೊಡವಿ ಬೆಂಚಿಗೆ ಮರಳಿದ. ಒಪ್ಪಿಗೆಯಾಗಿಲ್ಲ ಎಂದು ನನಗೆ ಗೊತ್ತಾಯಿತು.

ಗಿರಾಕಿಗಳಿಗೂ ಒಪ್ಪಿಗೆಯಾಗಲಿಲ್ಲ. ನ್ಯಾಮತಿಯಿಂದ ರೇಷ್ಮೆ ಸೀರೆಯುಟ್ಟು ಬಂದ ಹಿರಿಯ ಹೆಂಗಸೊಬ್ಬರು ಸೆರಗು ಹೊದ್ದುಕೊಂಡು, "ಇದೇನವ್ವ, ಮಂಜು ಕವಿದಂಗೈತೆ, ನೋಡಿದ್ರೇ ಚಳಿ ಆಗ್ತೈತೆ. ಮೆಟ್ಟಿಲು ಎಲ್ಲಿ ಹೋದ್ವು?" ಎಂದರು. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಸ್ಟುಡಿಯೋ ತೆರೆಯಿತು. ಅಲ್ಲಿನ ಪರದೆಯಲ್ಲಿ ಕಾರಂಜಿ, ಗಿಳಿ, ಏಳು ಬಣ್ಣದ ಕಾಮನಬಿಲ್ಲು ಎಲ್ಲ ಇವೆಯಂತೆ ಎಂಬ ಸುದ್ದಿ ಬಂತು. ನಮ್ಮ ಕೋಣೆ ಮಧ್ಯಾಹ್ನದ ಹೊತ್ತು ಖಾಲಿ ಬೀಳತೊಡಗಿತು. ಹಬ್ಬದ ಸಮಯದಲ್ಲೂ ಜನ ಬರದಿದ್ದಾಗ ಅಪ್ಪನ ತಾಳ್ಮೆ ಮುಗಿಯಿತು.

"ಹೊಳೆ ನೋಡಾಕೆ ನಮ್ಮ ಸ್ಟುಡಿಯೋಕ್ಕೆ ಯಾಕೆ ಬರಬೇಕು? ಹೊರಗೆ ನಾಕು ಹೆಜ್ಜೆ ಇಟ್ರೆ ಹೊಳೆ ಐತೆ. ಹೋಗು, ಇದರ ಮೇಲೆ ಸುಣ್ಣ ಬಳಿದು ಅರಮನೇನೇ ಬರೀರಿ ಅಂತ ಹೇಳು."

ಆ ಮಾತನ್ನು ಹೊತ್ತುಕೊಂಡು ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಹೇಳಿದ್ದನ್ನೆಲ್ಲ ಕೇಳಿ, ಕಾಯಿ ಬಿಡಿಸುತ್ತಲೇ, "ಬರಕೊಡ್ತೀನಿ. ಹಂಸ ಎಷ್ಟು ಬೇಕಂತೆ?" ಎಂದರು. ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಇನ್ನೊಂದು ಕಾಯಿ ಬಿಡಿಸಿ ಹೇಳಿದರು, "ಸುಣ್ಣ ಬಳಿಯೋಕೆ ಮುಂಚೆ ನಿಮ್ಮ ಅಪ್ಪನದೊಂದು ಫೋಟೋ ಆ ಪರದೆ ಮುಂದೆ ತೆಗೀಬೇಕು ತಾಯಿ."

"ಲಕ್ವ ಹೊಡೆದ ಮೇಲೆ ಅಪ್ಪ ಕ್ಯಾಮರಾ ಮುಂದೆ ಬಂದಿಲ್ಲ ಮೇಷ್ಟ್ರೇ. ಕನ್ನಡೀನೂ ನೋಡಲ್ಲ."

"ಗೊತ್ತೈತೆ," ಎಂದರು.

ಭಾನುವಾರ ಬೆಳಗ್ಗೆ ಬಂದರು. ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತು ಹಳೆಯ ಲೆನ್ಸುಗಳ ಬಗ್ಗೆ, ಮೊದಲು ಛಾವಣಿಯ ಗಾಜಿನಿಂದ ಬೆಳಕು ಬಿಡುತ್ತಿದ್ದ ದಿನಗಳ ಬಗ್ಗೆ ಮಾತು ತೆಗೆದರು. ಅಪ್ಪನಿಗೆ ಅಂಥ ಮಾತು ಸಿಕ್ಕಿ ಬಹಳ ಕಾಲವಾಗಿತ್ತು. ಒಂದು ಹಂತದಲ್ಲಿ ಮೇಷ್ಟ್ರು, "ಮಗಳಿಗೆ ಬೆಳಕು ಹೊಂದಿಸಾಕೆ ಬರಲ್ಲ ಅಂತೀರಲ್ಲ, ಸ್ಟೂಲಿನ ಮೇಲೆ ಕೂತು ನೀವೇ ಹೇಳಿಕೊಡ್ರಿ. ನಾನೂ ನೋಡ್ತೀನಿ," ಎಂದರು. ಅಪ್ಪ ಎದ್ದ. ಹೋಗಿ ಸ್ಟೂಲಿನ ಮೇಲೆ ಕೂತ.

ಮೇಷ್ಟ್ರು ಸ್ಟೂಲನ್ನು ಹೊಂಗೆಮರದ ಕಡೆಗೆ ಗೇಣುದ್ದ ಸರಿಸಿದರು. ಕಿಟಕಿಯ ಬೆಳಕು ಅಪ್ಪನ ಎಡಗೆನ್ನೆಯ ಮೇಲೆ ಬೀಳುತ್ತಿತ್ತು. ನಾನು ಕರಿಬಟ್ಟೆಯೊಳಗೆ ತಲೆ ಹಾಕಿದೆ. ಕ್ಯಾಮರಾದ ಹಿಂಬದಿಯ ಗಾಜಿನ ಮೇಲೆ ತಲೆಕೆಳಗಾಗಿ ಅಪ್ಪ ಕಂಡ. ಜಾರಿದ ಬಲಗೆನ್ನೆ ಮರದ ಕಪ್ಪಿನೊಳಗೆ ಮೆಲ್ಲಗೆ ಸೇರಿಕೊಂಡಿತ್ತು. ಎಡಗಡೆಯ ಹಣೆ, ಕಣ್ಣು, ದವಡೆ ಹೊಳೆಯ ಬೆಳಕಿಗೆ ತೆರೆದುಕೊಂಡಿದ್ದವು. ಮುಖದ ಭಾರವನ್ನು ಆ ಮರ ತನ್ನ ಹೆಗಲಿಗೆ ತೆಗೆದುಕೊಂಡ ಹಾಗಿತ್ತು. ಏನನ್ನೂ ಮುಚ್ಚಿಟ್ಟಿರಲಿಲ್ಲ. ನೋಡಿದರೆ ತುಟಿಯ ಸೊಟ್ಟ ಕಾಣುತ್ತಿತ್ತು, ಆದರೆ ಮೊದಲು ಕಾಣುತ್ತಿದ್ದದ್ದು ಅದಲ್ಲ. ಮೊದಲು ಕಾಣುತ್ತಿದ್ದದ್ದು ಆ ಎಡಗಣ್ಣು, ದೂರಕ್ಕೆ ನೋಡುವ ನನ್ನ ಅಪ್ಪನ ಕಣ್ಣು.

ಬಟ್ಟೆಯೊಳಗೆ ನಾನು ಬಹಳ ಹೊತ್ತು ಇದ್ದಿರಬೇಕು. ಅಪ್ಪನ ದನಿ ಬಂತು. "ತೆಗಿಯೋದಾದ್ರೆ ಬೇಗ ತೆಗಿ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದೀರೇನು ಇಬ್ರೂ?"

ತೆಗೆದೆ.

ಮಧ್ಯಾಹ್ನ ಒದ್ದೆ ಪ್ರಿಂಟನ್ನು ತಟ್ಟೆಯಲ್ಲಿಟ್ಟುಕೊಂಡು ಬೆಂಚಿನ ಹತ್ತಿರ ಹೋದೆ. ಅಪ್ಪ ಎಡಗೈಯಲ್ಲಿ ತಟ್ಟೆ ಹಿಡಿದು ನೋಡಿದ. ಅವ್ವ ಊಟಕ್ಕೆ ಕರೆಯಲು ಬಂದವಳು ಅಲ್ಲೇ ನಿಂತಳು. ಮೇಷ್ಟ್ರು ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ನೋಡುತ್ತಿದ್ದರು.

"ಬಾಯಿ ಸೊಟ್ಟ ಐತೆ," ಎಂದ ಅಪ್ಪ.

"ಹೌದು ರೀ," ಎಂದರು ಮೇಷ್ಟ್ರು.

"ಆದ್ರೂ ನಾನೇ." ಮತ್ತೆ ಸ್ವಲ್ಪ ಹೊತ್ತು ನೋಡಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟ. "ಪರದೆ ಇರ್ಲಿ ಬಿಡು."

ಅವ್ವ ಮನೆಯೊಳಗೆ ಹೋಗಿ ಮೇಷ್ಟ್ರಿಗೂ ಎಲೆ ಹಾಕಿದಳು. ಆ ವಾರದಿಂದ ಅಪ್ಪ ಬೆಂಚಿನ ಬಾಗಿಲ ಕಡೆಯ ತುದಿಗೆ ಬಂದು, ರಸ್ತೆಗೆ ಮುಖ ಮಾಡಿ ಕೂರತೊಡಗಿದ. ಪರದೆಯ ಬಗ್ಗೆ ಯಾರಾದರೂ ತಕರಾರು ತೆಗೆದರೆ ಉತ್ತರ ಕೊಡುವವನು ಅವನೇ. "ನೀವು ಕಾಣಬೇಕಂದ್ರೆ ಒಳಗೆ ಹೋಗ್ರಿ. ಅರಮನೆ ಕಾಣಬೇಕಂದ್ರೆ ಬಸ್ ಸ್ಟ್ಯಾಂಡ್ ಹಿಂದೆ ಹೋಗ್ರಿ." ಕೆಲವರು ಬಸ್ ಸ್ಟ್ಯಾಂಡಿನ ಹಿಂದಕ್ಕೇ ಹೋದರು. ಒಳಗೆ ಬಂದವರು ಮತ್ತೆ ತಮ್ಮ ಮಕ್ಕಳನ್ನು, ಅತ್ತೆಯರನ್ನು, ಹೊಸ ಸೊಸೆಯರನ್ನು ಕರೆತಂದರು. ಪರದೆಯ ಮುಂದೆ ಜನ ತಾವಾಗಿ ದನಿ ತಗ್ಗಿಸುತ್ತಿದ್ದುದನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ.

ಮೇಷ್ಟ್ರು ಸಾಧು ಸ್ವಭಾವದವರು ಎಂದು ಇದರಿಂದ ಅನಿಸಬಾರದು. ಶಾಲೆಯಲ್ಲಿ ಅವರೆಂದರೆ ಮಕ್ಕಳಿಗೆ ಹೆದರಿಕೆ. ಎರಡು ಗುಡ್ಡ, ನಡುವೆ ಕೆಂಪು ಸೂರ್ಯ, ಕೆಳಗೆ ಗುಡಿಸಲು ಬರೆದು ತಂದವರಿಗೆ, "ಈ ಗುಡ್ಡ ನಮ್ಮೂರಾಗೆ ಎಲ್ಲೈತೆ ತೋರ್ಸು, ನಾನೂ ನೋಡಿ ಬರ್ತೀನಿ" ಎಂದು ಹಾಳೆ ವಾಪಸ್ಸು ಕೊಡುತ್ತಿದ್ದರು. ಹೊಗಳುವುದರಲ್ಲಿ ಮಹಾ ಜಿಪುಣ. ನಾನು ತೆಗೆದ ಒಳ್ಳೆಯ ಫೋಟೋ ತೋರಿಸಿದರೆ "ಹೂಂ" ಎಂದರೆ ಆಯಿತು, ಅದು ಪದಕ. ಮನೆಯಲ್ಲಿ ಹಬ್ಬಕ್ಕೆ ತಂದ ಬಣ್ಣದ ಕಾಗದದ ತೋರಣವನ್ನು ಸದ್ದಿಲ್ಲದೆ ಬಿಚ್ಚಿ ಹೆಂಡತಿಯಿಂದ ಬೈಸಿಕೊಂಡವರು.

ಒಮ್ಮೆ ನಲ್ಲೂರಿನಲ್ಲಿ ನನಗೊಂದು ಮದುವೆಯ ಫೋಟೋ ಕೆಲಸವಿತ್ತು. ಮೇಷ್ಟ್ರು, ಅವರ ಹೆಂಡತಿ ನನ್ನ ಜೊತೆ ಬಂದರು. ಮದುವೆ ಮುಗಿಸಿಕೊಂಡು ವಾಪಸ್ಸಾಗುವಾಗ ಸೂಳೆಕೆರೆಯ ಏರಿಯ ಹತ್ತಿರ ಬಸ್ ಇಳಿದೆವು. ಕೆರೆ ಎಂದರೆ ಕಣ್ಣು ಹರಿಯುವಷ್ಟೂ ನೀರು. ಸಂಜೆ ಮೋಡ ಮುಚ್ಚಿತ್ತು. ಮೇಷ್ಟ್ರು ಕಲ್ಲಿನ ಮೇಲೆ ಕೂತು ನೀರುಬಣ್ಣದ ಡಬ್ಬಿ ತೆರೆದರು. ಈ ಸಲ ಆಚೆ ದಡದ ಗೆರೆಯನ್ನು ಹಾಳೆಯ ತುದಿಗೆ, ಬಹಳ ಮೇಲಕ್ಕೆ ಎಳೆದರು. ಆಕಾಶಕ್ಕೆ ಎರಡು ಬೆರಳಿನಷ್ಟೇ ಜಾಗ. ಉಳಿದದ್ದೆಲ್ಲ ನೀರು, ಪಾರಿವಾಳದ ಕತ್ತಿನಂಥ ಬಣ್ಣ. ನೋಡುತ್ತಿದ್ದ ಹಾಗೆ ನನ್ನ ಎದೆಯಲ್ಲಿ ಏನೋ ಭಾರ ಕೂತಿತು. ನಮ್ಮ ಪರದೆಯ ಮಂಜಿನಲ್ಲಿ ಹಗುರಾಗಿದ್ದ ಅದೇ ಬೂದಿ ಬಣ್ಣ ಇಲ್ಲಿ ಒತ್ತಿ ಹಿಡಿಯುತ್ತಿತ್ತು.

"ಬಣ್ಣ ಅದೇ ಐತೆ, ಯಾಕೆ ಹಿಂಗಾಗ್ತೈತೆ?" ಎಂದೆ.

"ಅಲ್ಲಿ ಆಕಾಶ ಬಿಟ್ಟಿದ್ದೆ, ಇಲ್ಲಿ ಕಿತ್ಕೊಂಡಿದೀನಿ. ಉಸಿರಾಡಾಕೆ ಜಾಗ ಎಲ್ಲೈತೆ ಅಂತ ಕಣ್ಣು ಹುಡುಕ್ತೈತೆ."

ಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪವೊಂದಿತ್ತು. ಅದನ್ನು ಅವರು ಬರೆಯಲಿಲ್ಲ. ಕೇಳಿದೆ. "ಅದನ್ನ ಹಾಕಿದ್ರೆ ಎಲ್ಲರೂ ತೆಪ್ಪಾನೇ ನೋಡ್ತಾರೆ. ನೀರನ್ನ ಯಾರು ನೋಡ್ತಾರೆ?" ಎಂದರು. ಅವರ ಹೆಂಡತಿ ಬುತ್ತಿ ಬಿಚ್ಚುತ್ತ, "ತೆಪ್ಪದಾಗೆ ಇರೋನಿಗೂ ಹೊಟ್ಟೆ ಐತೆ, ನಿಮಗೂ ಐತೆ. ಉಣ್ಣಾಕೆ ಬರ್ರಿ," ಎಂದು ಕರೆದರು.

ಅವರಿಗೆ ಈ ಕಣ್ಣು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಎಂಬತ್ತರ ದಶಕದಲ್ಲಿ, ನಿವೃತ್ತರಾಗಿ ಜಗಳೂರಿಗೆ ಹೋದ ಅವರನ್ನು ನೋಡಲು ಹೋದಾಗ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಬಣ್ಣದ ಫಿಲ್ಮ್ ಬಂದಿತ್ತು. ಜನ ಬಣ್ಣ ಬಣ್ಣದ ಬಟ್ಟೆಯಲ್ಲಿ ಬರುತ್ತಿದ್ದರು, ಮೇಷ್ಟ್ರ ಪರದೆಯ ಮುಂದೆ ಆ ಬಟ್ಟೆಗಳು ಇನ್ನಷ್ಟು ಚೆಂದ ಕಾಣುತ್ತಿದ್ದವು. ಅದನ್ನು ಹೇಳಬೇಕೆಂದೇ ಹೋಗಿದ್ದೆ. ಅವರ ಮನೆ ಊರಂಚಿನಲ್ಲಿತ್ತು. ಹಿಂದೆ ಕಲ್ಲುನೆಲ, ಬೋಳು ದಿಬ್ಬ, ಅಲ್ಲಲ್ಲಿ ಜಾಲಿ. ನೋಡಲು ಏನೂ ಇಲ್ಲವಲ್ಲ ಎಂದು ನನಗೆ ಮೊದಲು ಅನಿಸಿತು.

ಅವರು ಹಿತ್ತಿಲಲ್ಲಿ ಕುರ್ಚಿ ಹಾಕಿಸಿ ನನ್ನನ್ನು ಕೂರಿಸಿದರು. "ನಮ್ಮೂರಾಗೆ ಹಸಿರು ಬಂದ್ರೆ ನೆಂಟರಂಗೆ ಬರ್ತೈತೆ, ಹೋಗ್ತೈತೆ. ಉಳಿದಾಗ ನೋಡಾಕೆ ಇರೋದು ಇದೇ. ಸಣ್ಣೋನಿದ್ದಾಗ ಕುರಿ ಕಾಯ್ತಾ ಇದನ್ನೇ ನೋಡಿದ್ದು. ಆ ದಿಬ್ಬ ನೋಡು, ಒಂದೇ ಬಣ್ಣ ಅಂತೀಯೇನು?"

ನೋಡುತ್ತ ಕೂತೆ. ಹೊತ್ತು ಇಳಿದ ಹಾಗೆ ದಿಬ್ಬ ಬೂದಿಯಿಂದ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ, ಅಲ್ಲಿಂದ ಒಣಗಿದ ದಾಸವಾಳದ ಬಣ್ಣಕ್ಕೆ ಹೋಯಿತು. ಜಾಲಿಯ ನೆರಳಿನಲ್ಲಿ ನೀಲಿ ಇತ್ತು. ನಾನು ಒಂದೊಂದನ್ನೇ ಹೇಳುತ್ತ ಹೋದೆ. ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಗೊತ್ತಾಯಿತು, ಅವರ ಕಣ್ಣಿಗೆ ಪೊರೆ ಬಂದು ದಿಬ್ಬ ಸರಿಯಾಗಿ ಕಾಣುತ್ತಿರಲಿಲ್ಲ. "ಈಗ ದೇವರೇ ಎಲ್ಲಾ ಬಣ್ಣಕ್ಕೂ ಒಂಚೂರು ಬೂದಿ ಕಲಸಿಬಿಟ್ಟಿದಾನೆ ತಾಯಿ. ನನಗೆ ಕೆಲಸಾನೇ ಇಲ್ಲ," ಎಂದು ನಕ್ಕರು. ನಾನು ಹೊರಟಾಗ ಬಾಗಿಲವರೆಗೆ ಬಂದು, "ಚೆನ್ನಾಗಿ ನೋಡ್ದೆ" ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಹೊಗಳಿಕೆ ಅದು.

ಮಾರನೆಯ ವರ್ಷ ಬೇಸಿಗೆಯಲ್ಲಿ ಅವರು ಹೋದರು. ಸುದ್ದಿ ನನಗೆ ತಡವಾಗಿ ತಲುಪಿ, ಹೋಗುವಷ್ಟರಲ್ಲಿ ತಿಥಿಯ ದಿನವಾಗಿತ್ತು. ಗೋಡೆಗೆ ಹಾಕಲು ಫೋಟೋ ಬೇಕೆಂದು ಬಂಧುಗಳು ನನ್ನನ್ನೇ ಕಾಯುತ್ತಿದ್ದರು. ನನ್ನ ಹತ್ತಿರ ಎರಡಿದ್ದವು. ಒಂದು, ಶಾಲೆಯ ಬೀಳ್ಕೊಡುಗೆಯ ದಿನ ಹಾರ ಹಾಕಿಕೊಂಡು ನೆಟ್ಟಗೆ ಕೂತದ್ದು. ಇನ್ನೊಂದು, ಸೂಳೆಕೆರೆಯ ದಡದಲ್ಲಿ ಅವರಿಗೆ ಹೇಳದೆ ನಾನು ಹಿಂದಿನಿಂದ ತೆಗೆದದ್ದು. ಅದರಲ್ಲಿ ಮುಕ್ಕಾಲು ನೀರು, ಕೆಳಗೆ ಬಲಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತ ಚಿಕ್ಕ ಮನುಷ್ಯ, ಒರೆಸಿ ಒರೆಸಿ ಕಂದಿದ ಎಡತೋಳು.

ಎರಡನ್ನೂ ಅವರ ಹೆಂಡತಿಯ ಮುಂದೆ ಇಟ್ಟೆ. ಅವರು ಎರಡನೆಯದನ್ನು ಎತ್ತಿಕೊಂಡರು.

ಪಕ್ಕದಲ್ಲಿದ್ದ ಮೈದುನ, "ಅತ್ತಿಗೆ, ಇದರಾಗೆ ಮುಖಾನೇ ಕಾಣಲ್ಲ. ಬಂದೋರು ಯಾರಿದು ಅಂತ ಕೇಳ್ತಾರೆ," ಎಂದ.

"ಕೇಳ್ಲಿ, ಹೇಳ್ತೀನಿ," ಎಂದರು ಅವರು. "ಮದುವೆಯಾದಾಗಿಂದ ಅವರು ಹಿಂಗೇ ಎಲ್ಲೋ ನೋಡ್ಕೊಂಡು ಕೂತಿರೋರು. ನಾನು ಉಣ್ಣಾಕೆ ಬರ್ರಿ ಅಂತ ಹಿಂದೆ ನಿಂತು ಕರೆಯೋಳು. ನನಗೆ ಪರಿಚಯ ಇರೋದು ಈ ಬೆನ್ನು."

ಹೊನ್ನಾಳಿಗೆ ಮರಳಿ ಆ ಫೋಟೋವನ್ನು ದೊಡ್ಡದು ಮಾಡಿದೆ. ಬಣ್ಣದ ಪ್ರಿಂಟುಗಳನ್ನು ಬೇರೆ ಊರಿಗೆ ಕಳಿಸಿ ಮಾಡಿಸುತ್ತಿದ್ದ ಕಾಲ ಅದು, ಡಾರ್ಕ್‌ರೂಮಿನಲ್ಲಿ ಧೂಳು ಕೂತಿತ್ತು. ತಟ್ಟೆಗಳನ್ನು ತೊಳೆದು, ಹೊಸದಾಗಿ ರಾಸಾಯನಿಕ ಕಲಸಿ, ನೆಗೆಟಿವ್‌ನ ಬೆಳಕು ಬಿದ್ದ ಕಾಗದವನ್ನು ಆ ದ್ರಾವಣದೊಳಗೆ ಬಿಟ್ಟೆ. ಮೊದಲು ಮೂಡಿದ್ದು ಅವರ ಬೆನ್ನು. ಕೆರೆಯ ನೀರು ಆಮೇಲೆ, ಬಹಳ ನಿಧಾನವಾಗಿ, ಅವರ ಸುತ್ತ ತುಂಬಿಕೊಂಡಿತು.